ಪಂಜರಕ್ಕೆ ಕಟ್ಟಿದ ಎತ್ತಿನ ಗಂಟೆ

ಪೋಳಾ ಹಬ್ಬದ ಸಂಜೆ ನನ್ನ ಅತ್ತೆ ನಮ್ಮ ಗಿಳಿಯ ಪಂಜರದೊಳಗೆ ಒಂದು ಎತ್ತಿನ ಗಂಟೆ ಕಟ್ಟಿಸಿದರು. ಅದು ಎಂದೋ ಸತ್ತುಹೋದ ಎತ್ತಿನ ಕೊರಳಿನದು. ಹೋಳಿಗೆ ಕೊಡಲು ಬಂದಿದ್ದ ಓಣಿಯ ಹಿರಿಯ ಹೆಂಗಸೊಬ್ಬಳು ಹೊಸ್ತಿಲಲ್ಲೇ ನಿಂತು ಅದನ್ನು ನೋಡಿದಳು. "ಸತ್ತ ಎತ್ತಿನ ಗಂಟಿ ಇನ್ನೊಂದು ಜೀವಕ್ಕ ಕಟ್ಟಬಾರದವ್ವಾ. ಗುಡಿಗಿ ಕೊಟ್ಟುಬಿಡ್ರಿ," ಅಂದಳು. ಉತ್ತರ ನಾನು ಕೊಟ್ಟೆ. "ಹೋಳಿಗಿ ಭಾಳ ಛಲೋ ಆಗ್ಯಾವ್ರಿ," ಅಂದು ಆಕೆಯ ತಾಟು ತೊಳೆದು ಕೈಗಿಟ್ಟು ಕಳಿಸಿದೆ. ಶಕುನ, ಅಪಶಕುನದ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಆಕೆ ಹೋದಳು, ಆದರೆ ಆಡಿದ ಮಾತು ನಮ್ಮ ಮನೆಯಲ್ಲೇ ಉಳಿಯಿತು.

ನಮ್ಮ ಮನೆ ಉದಗೀರದಲ್ಲಿ, ಮೊಂಢಾ ಎಂಬ ಕಾಳಿನ ಪೇಟೆಯ ಹಿಂದಿನ ಓಣಿಯಲ್ಲಿದೆ. ಬೇಳೆಕಾಳಿನ ಧೂಳು ಬೇಸಿಗೆಯಲ್ಲಿ ನಮ್ಮ ಬಾಗಿಲ ತನಕ ಬರುತ್ತದೆ. ಮನೆಯವರು, ಅಂದರೆ ನನ್ನ ಗಂಡ, ಮೋಟಾರು ವೈಂಡಿಂಗ್ ಮತ್ತು ಎಲೆಕ್ಟ್ರಿಕ್ ಸಾಮಾನಿನ ಅಂಗಡಿ ಇಟ್ಟುಕೊಂಡಿದ್ದಾರೆ. ನಾನು ಔರಾದ ಕಡೆಯವಳು, ಗಡಿ ದಾಟಿ ಮರಾಠಿ ನಾಡಿಗೆ ಬಂದ ಸೊಸೆ. ಮನೆಯಲ್ಲೇ ಬ್ಲೌಸು ಹೊಲಿಯುತ್ತೇನೆ. ಅತ್ತೆ ಜಳಕೋಟ ಕಡೆಯ ಹಳ್ಳಿಯಲ್ಲಿ ಒಕ್ಕಲುತನ ಮಾಡಿ ಬಾಳಿದವರು. ಮಾವ ತೀರಿಕೊಂಡ ಮೇಲೆ ನಮ್ಮ ಜೊತೆ ಇದ್ದಾರೆ. ಹೊಲವನ್ನು ಈಗ ಟ್ರ್ಯಾಕ್ಟರ್ ಇದ್ದವರು ಪಾಲಿಗೆ ಮಾಡುತ್ತಾರೆ. ಹಳ್ಳಿಯ ಕೊಟ್ಟಿಗೆಯಲ್ಲಿ ಹಳೆಯ ಬಾಗಿಲು, ಮುರಿದ ಮಂಚ ತುಂಬಿವೆ.

ಆ ಎತ್ತಿನ ಸಂಗತಿಯನ್ನು ಮೊದಲೇ ಹೇಳಿಬಿಡುತ್ತೇನೆ. ಅದು ದೇವಣಿ ತಳಿಯದು, ಕಪ್ಪು ಬಿಳುಪಿನ ದೊಡ್ಡ ಎತ್ತು. ಮಾವನಿಗೆ ಅದರ ಮೇಲೆ ಎಷ್ಟು ಅಭಿಮಾನವೆಂದರೆ ಅದರ ಕೊರಳಿಗೆ ಊರಿನ ಗಂಟೆ ಬೇಡವೆಂದು ಉಮರ್ಗಾದ ಸಂತೆಗೆ ಹೋಗಿ ಕಂಚಿನದು ತಂದಿದ್ದರು. ಒಂದು ವರ್ಷ ಮಳೆ ನಡುವೆಯೇ ಕೈಕೊಟ್ಟು ಎಳೆ ಜೋಳ ಮೊಳಕಾಲೆತ್ತರಕ್ಕೆ ಬಾಡಿ ನಿಂತಿತು. ಅಂಥ ಜೋಳ ದನಕ್ಕೆ ವಿಷ. ನಮ್ಮ ಕಡೆ ಚಿಕ್ಕ ಮಕ್ಕಳಿಗೂ ಇದು ಗೊತ್ತು. ಆ ಎತ್ತು ಅದನ್ನೇ ತಿಂದು ಸಂಜೆಯೊಳಗೆ ಬಾಯಲ್ಲಿ ನೊರೆ ಬಂದು ಬಿತ್ತು. ಮಾವ ತಪ್ಪಿ ಕೊಯ್ದು ಹಾಕಿದ್ದರಂತೆ. "ಹುಟ್ಟಾ ರೈತ, ಬಾಡಿದ ಜ್ವಾಳ ಎತ್ತಿಗಿ ಹಾಕಿದಾಂವಾ," ಎಂಬ ಮಾತು ಸಾಯುವ ತನಕ ಅವರ ಬೆನ್ನು ಬಿಡಲಿಲ್ಲ. ಕಟ್ಟೆಯ ಮೇಲೆ ಕೂಡುವುದನ್ನೇ ಬಿಟ್ಟರು. ಅತ್ತೆ ಮಾತ್ರ ಒಂದು ದಿನವೂ ಆ ವಿಷಯ ಎತ್ತಿ ಅವರನ್ನು ಆಡಿಕೊಂಡವರಲ್ಲ. ಗಂಟೆ ಬಿಚ್ಚಿ ತಮ್ಮ ಟ್ರಂಕಿನ ತಳದಲ್ಲಿ ಇಟ್ಟುಬಿಟ್ಟಿದ್ದರು. ನಾನು ಅದನ್ನು ದೊಡ್ಡ ಗುಣವೆಂದು ತಿಳಿದಿದ್ದೆ.

ಗಿಳಿ ಬಂದದ್ದು ನಿಲಂಗಾದಿಂದ, ನಾದಿನಿಯ ಮನೆಯಿಂದ. ಹಸಿರು ಗಿಳಿಯಲ್ಲ, ಅದನ್ನು ಪಂಜರದಲ್ಲಿ ಇಟ್ಟುಕೊಳ್ಳಲು ಕಾನೂನು ಬಿಡುವುದಿಲ್ಲ. ಇದು ಅಂಗಡಿಯಲ್ಲಿ ಮಾರುವ ಪರದೇಶದ ಜಾತಿ, ಕಾಕಟೀಲ್ ಅನ್ನುತ್ತಾರೆ. ಬೂದು ಮೈ, ಹಳದಿ ಜುಟ್ಟು, ಎರಡೂ ಕೆನ್ನೆಗೆ ಕೇಸರಿ ಬೊಟ್ಟು. ಮೈ ಕೊಡವಿದರೆ ರೆಕ್ಕೆಯಿಂದ ಬಿಳಿ ಪುಡಿ ಉದುರುತ್ತದೆ. ಆ ಪುಡಿಗೆ ನಾದಿನಿಯ ಗಂಡನ ಉಬ್ಬಸ ಕೆರಳಿತು. ಹಾಗಾಗಿ ಪಂಜರ ಎಸ್‌ಟಿ ಬಸ್ಸು ಹತ್ತಿ ನಮ್ಮ ಪಡಸಾಲೆಗೆ ಬಂತು.

"ಇದ್ಯಾವ ಗಿಳಿ? ಮೈ ತುಂಬ ಬೂದಿ ಬಡಕೊಂಡದ," ಅಂದರು ಅತ್ತೆ ಮೊದಲ ದಿನ, ಮುಖ ಗಂಟಿಕ್ಕಿಕೊಂಡು. ಮರುದಿನ ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಹಣೆಗೆ ವಿಭೂತಿ ಧರಿಸಿ ಪಂಜರದ ಮುಂದೆ ಬಂದು ನಿಂತರು. ಹಕ್ಕಿ ಅವರನ್ನು ನೋಡಿ ಜುಟ್ಟು ನಿಮಿರಿಸಿ ಮೈ ಕೊಡವಿತು. ಬಾಗಿಲ ಬಿಸಿಲಿನಲ್ಲಿ ಪುಡಿ ಹಾರಾಡಿತು. ಅತ್ತೆಯ ಮುಖ ಬದಲಾಯಿತು. "ಇದು ಬೂದಿ ಅಲ್ಲ ನೋಡ, ವಿಭೂತಿ ಅದ. ಸ್ವಾಮಿ ಬಂದಾನ ಮನಿಗಿ."

ಅಂದಿನಿಂದ ಅದರ ಹೆಸರೇ ಸ್ವಾಮಿ. ನಮ್ಮಲ್ಲಿ ಮನೆಗೆ ಸ್ವಾಮಿಗಳು ಬಂದರೆ ಅವರಿಗೆ ಉಣಿಸದೆ ಮನೆಯವರು ಉಣ್ಣುವುದಿಲ್ಲ. ಅತ್ತೆ ಇದನ್ನು ತಮಾಷೆಗೆ ಶುರು ಮಾಡಿದರು, ಆಮೇಲೆ ಅದೇ ನೇಮವಾಯಿತು. ನವಣೆಯ ತೆನೆಯನ್ನು ಬೆರಳಲ್ಲಿ ಹಿಡಿದು ಕಂಬಿಯ ನಡುವೆ ಚಾಚುವರು. ಸ್ವಾಮಿ ಒಂದೊಂದೇ ಕಾಳು ಸುಲಿದು ತಿಂದು, ಕಡೆಗೆ ಅವರ ಬೆರಳನ್ನೂ ಒಮ್ಮೆ ಕಚ್ಚಿ ನೋಡುವುದು. ಅದಾದ ಮೇಲೆ ಅವರ ಊಟ. ಮಾವ ಹೋದಾಗಿನಿಂದ ಅರ್ಧ ರೊಟ್ಟಿಗೆ ಕೈತೊಳೆಯುತ್ತಿದ್ದವರು ಸ್ವಾಮಿಯ ಜೊತೆ ಕೂತು ಒಂದೂವರೆ ರೊಟ್ಟಿ ಉಣ್ಣತೊಡಗಿದರು. ಹಕ್ಕಿಗೆ ಏನಾದರೂ ಆದರೆ ಇವರ ಗತಿಯೇನು ಎಂಬ ಹೆದರಿಕೆ ನನ್ನೊಳಗೆ ಹುಟ್ಟಿದ್ದು ಆಗಲೇ.

ಸ್ವಾಮಿಗೆ ಮಾತು ಬರುತ್ತಿರಲಿಲ್ಲ. ನಿಲಂಗಾದಲ್ಲಿ ಕುಕ್ಕರಿನ ಸೀಟಿ ಒಂದನ್ನು ಕಲಿತು ಬಂದಿತ್ತು. ನಾನು ಹೊಲಿಗೆ ಮಶೀನಿನ ಮುಂದೆ ಕೂತು ಸೀಟಿ ಎಣಿಸಿ, ಎದ್ದು ಹೋಗಿ ಒಲೆ ಆರಿಸುತ್ತಿದ್ದೆ. ಅದರಲ್ಲಿ ಎಷ್ಟು ಕುಕ್ಕರಿನವು, ಎಷ್ಟು ಸ್ವಾಮಿಯವು ಎಂಬುದು ಊಟಕ್ಕೆ ಕೂತಾಗ ತಿಳಿಯುತ್ತಿತ್ತು. ಅರೆಬೆಂದ ಬೇಳೆ ಉಂಡು ಉಂಡು ಮನೆಯವರಿಗೆ ಅದೇ ರೂಢಿಯಾಯಿತು.

ಮನೆಯವರಿಗೆ ಪ್ರೀತಿ ತೋರಿಸಲು ಬರುವುದು ವೈರಿಂಗಿನಲ್ಲಿ ಮಾತ್ರ. ನಮ್ಮ ಪಡಸಾಲೆಗೆ ಕಿಟಕಿಯಿಲ್ಲ. ಮಧ್ಯಾಹ್ನವಾದರೆ ಬಾಗಿಲ ಬಿಸಿಲೂ ಹಿಂದೆ ಸರಿಯುತ್ತದೆ. ಹಕ್ಕಿಗೆ ಹಗಲೆಂದರೆ ಹಗಲಿರಬೇಕು, ಕತ್ತಲೆಯೂ ಹೊತ್ತಿಗೆ ಸರಿಯಾಗಿ ಬರಬೇಕು ಎಂದು ಎಲ್ಲೋ ಕೇಳಿ ತಿಳಿದುಕೊಂಡು, ಅಂಗಡಿಯಲ್ಲಿದ್ದ ಒಂದೊಂದೇ ಟ್ಯೂಬು ತಂದು ಹಚ್ಚಿ ನೋಡಿದರು. ಮೊಬೈಲಿನ ಕ್ಯಾಮೆರಾ ಹಿಡಿದರೆ ಕಳಪೆ ಟ್ಯೂಬಿನ ಬೆಳಕಿನಲ್ಲಿ ಕಪ್ಪು ಪಟ್ಟೆ ಓಡುತ್ತವೆ. ನಮ್ಮ ಕಣ್ಣಿಗೆ ಕಾಣದ ಆ ಮಿಣುಕು ಹಕ್ಕಿಯ ಕಣ್ಣಿಗೆ ಕಾಣುತ್ತದಂತೆ. ಪಟ್ಟೆ ಬಾರದ ಟ್ಯೂಬು ಸಿಗುವ ತನಕ ಬಿಡಲಿಲ್ಲ. ಅದನ್ನು ಪಂಜರದಿಂದ ಮೇಲೆ, ಕೊಕ್ಕಿಗೆ ಎಟುಕದಂತೆ ಕೂಡಿಸಿದರು. ಬೆಳಕು ಬೇಡವಾದಾಗ ಸ್ವಾಮಿ ಸರಿದು ಕೂಡಲೆಂದು ಪಂಜರದ ಒಂದು ಮೂಲೆಗೆ ನೆರಳು ಬಿಟ್ಟರು. ವೈರನ್ನೆಲ್ಲ ಕಬ್ಬಿಣದ ಪೈಪಿನೊಳಗೆ ಹಾಯಿಸಿದರು. ಬೆಳಿಗ್ಗೆ ತಾನೇ ಹತ್ತಿ, ಸಂಜೆ ಮೆಲ್ಲಗೆ ಮಂದವಾಗಿ ಆರುವಂತೆ ಟೈಮರ್ ಇಟ್ಟರು. ನನ್ನ ಹೊಲಿಗೆ ಮಶೀನಿನ ಬಲ್ಬು ಸುಟ್ಟು ತಿಂಗಳಾಗಿತ್ತು, ಅದರ ಕಡೆ ಯಾರ ಗಮನವೂ ಇರಲಿಲ್ಲ.

ಒಂದು ಸಂಜೆ ದೀಪ ಹಚ್ಚುವ ಹೊತ್ತಿಗೆ ಕರೆಂಟು ಹೋಯಿತು. ಮೋಡ ಕವಿದಿದ್ದರಿಂದ ಪಡಸಾಲೆ ಒಮ್ಮೆಲೇ ಕಗ್ಗತ್ತಲಾಯಿತು. ಮರುಕ್ಷಣ ಪಂಜರದೊಳಗೆ ಏನೋ ಸಿಡಿದಂತೆ ಸದ್ದು. ರೆಕ್ಕೆ ಕಂಬಿಗೆ ಬಡಿಯುತ್ತಿತ್ತು, ನಿಲ್ಲಲೇ ಇಲ್ಲ. ಅತ್ತೆ ಕತ್ತಲೆಯಲ್ಲಿ "ಶಿವ ಶಿವ" ಅನ್ನುತ್ತ ಪಂಜರ ಹುಡುಕಿ ತಬ್ಬಿಕೊಂಡರು. ನಾನು ಮೊಬೈಲಿನ ಬೆಳಕು ಹಿಡಿದಾಗ ಸ್ವಾಮಿ ತಳದಲ್ಲಿ ರೆಕ್ಕೆ ಹರವಿಕೊಂಡು ಏದುಸಿರು ಬಿಡುತ್ತಿತ್ತು. ಮುರಿದ ಗರಿಯ ಬುಡದಿಂದ ರಕ್ತ ಜಿನುಗಿ ಅತ್ತೆಯ ಸೀರೆಗೆ ಹತ್ತಿತ್ತು. ಈ ಜಾತಿಗೆ ಕತ್ತಲೆ ಒಮ್ಮೆಲೇ ಬಂದರೆ ದಿಗಿಲು ಬಡಿಯುತ್ತದೆ ಎಂದು ನಮಗೆ ಆಗ ಗೊತ್ತಾಯಿತು. ಮರುದಿನವೇ ಮನೆಯವರು ಬ್ಯಾಟರಿಯ ಮೇಲೆ ಉರಿಯುವ ಸಣ್ಣ ಹಳದಿ ದೀಪ ಕೂಡಿಸಿದರು. ಕರೆಂಟು ಹೋದ ಕ್ಷಣಕ್ಕೆ ಅದು ಹತ್ತುತ್ತಿತ್ತು.

"ಇನ್ನ ಇದಕ ಏನೂ ಆಗೂದಿಲ್ಲವ್ವಾ. ಬೆಳಕಿಂದೂ ಭಯ ಇಲ್ಲ, ಕತ್ತಲಿದೂ ಭಯ ಇಲ್ಲ," ಅಂದರು ಮನೆಯವರು ತಮ್ಮ ಅವ್ವನಿಗೆ. ಅಷ್ಟು ಖಾತ್ರಿಯಿಂದ ಅವರು ಮಾತಾಡಿದಾಗಲೆಲ್ಲ ನನಗೆ ಒಳಗೆ ಏನೋ ಕಸಿವಿಸಿಯಾಗುತ್ತದೆ.

ಆಟಿಕೆಗಳು ನನ್ನ ಪಾಲಿಗೆ ಬಂದವು. ಕೊಕ್ಕಿಗೆ ಕೆಲಸವಿಲ್ಲದಿದ್ದರೆ ಇವು ತಮ್ಮ ಗರಿಯನ್ನೇ ಕಿತ್ತುಕೊಳ್ಳುತ್ತವೆ. ಜೋಳದ ದಂಟಿನ ಬೆಂಡು ಕತ್ತರಿಸಿ ಕಡ್ಡಿಗೆ ಪೋಣಿಸಿ ಕೊಟ್ಟರೆ ಮಧ್ಯಾಹ್ನದೊಳಗೆ ಪುಡಿ ಮಾಡಿ ಕೆಳಗೆ ಸುರಿಯುತ್ತಿತ್ತು. ಬೇವಿನ ಕಡ್ಡಿ, ಮೆಕ್ಕೆಜೋಳದ ಒಣ ಸಿಪ್ಪೆ, ತೆಂಗಿನ ಚಿಪ್ಪು ಎಲ್ಲವೂ ಸರದಿಯ ಮೇಲೆ. ಹಳೆಯದು ಬೇಸರ ಬರುವ ಮೊದಲೇ ಬದಲಿಸುತ್ತಿದ್ದೆ. ದಾರವನ್ನು ಮಾತ್ರ ಹತ್ತಿರ ಬಿಡುತ್ತಿರಲಿಲ್ಲ. ಒಮ್ಮೆ ನನ್ನ ಮಶೀನಿನ ದಾರದ ಎಳೆ ಹಾರಿ ಹೋಗಿ ಅದರ ಬೆರಳಿಗೆ ಸುತ್ತಿ, ಬೆರಳು ಕಪ್ಪಾಗುವ ಹೊತ್ತಿಗೆ ಕಂಡು ಸಣ್ಣ ಕತ್ತರಿಯಿಂದ ಬಿಡಿಸಿದ್ದೆ. ವೈರುಗಳಿಗೆ ಅವರು ಕಾವಲು, ದಾರಕ್ಕೆ ನಾನು ಕಾವಲು. ನಮ್ಮಿಬ್ಬರ ನಡುವೆ ಹಾದು ಇನ್ನೊಂದು ಒಳಗೆ ಬಂತು.

ಪೋಳಾ ಎತ್ತುಗಳ ಹಬ್ಬ. ಕೊಂಬಿಗೆ ಬಣ್ಣ, ಕೊರಳಿಗೆ ಗಂಟೆ, ಹಣೆಗೆ ಗೊಂಡೆ ಕಟ್ಟಿ ಎತ್ತಿಗೆ ಹೋಳಿಗೆ ಉಣಿಸುವ ದಿನ. ಎತ್ತಿಲ್ಲದ ನಾವು ಮಣ್ಣಿನ ಎತ್ತು ತಂದು ಪೂಜಿಸುತ್ತೇವೆ. ಆ ವರ್ಷ ಅತ್ತೆ ಟ್ರಂಕು ತೆಗೆದು ಗಂಟೆಯನ್ನು ಮಣ್ಣಿನೆತ್ತಿನ ಮುಂದೆ ಇಟ್ಟರು. ಪೂಜೆ ಮುಗಿಯಿತು. ಅದನ್ನು ಮತ್ತೆ ಟ್ರಂಕಿಗೆ ಹಾಕಲು ಅವರಿಗೆ ಮನಸ್ಸಾಗಲಿಲ್ಲ. ಸೆರಗಿನಿಂದ ಒರೆಸುತ್ತ ಕೂತರು.

"ಪೋಳಾ ದಿನಾ ಮನ್ಯಾಗಿನ ಜೀವದ ಕೊರಳು ಬರಿದ ಇಡಬಾರದು. ಮಣ್ಣಿನೆತ್ತಿಗಿ ಏನ ತಿಳೀತದ? ಸ್ವಾಮಿಗಿ ಕಟ್ಟೋಣು," ಅಂದರು.

ಎಷ್ಟೋ ವರ್ಷಗಳ ಮೇಲೆ ಅವರು ತಾವಾಗಿ ಒಂದು ಆಸೆ ಹೇಳಿದ್ದರು. ಬೇಡ ಅನ್ನುವ ಮನಸ್ಸು ಯಾರಿಗೆ ಬಂದೀತು? ಗಂಟೆಯೊಳಗಿನ ನಾಲಿಗೆ ಸಡಿಲಾಗಿ ಜೋತುಬಿದ್ದಿತ್ತು. ಮನೆಯವರು ಅಂಗಡಿಯಿಂದ ಬೆಸುಗೆ ಹಾಕುವ ಸೋಲ್ಡರ್ ಕಡ್ಡಿ ತಂದು, ಗಟ್ಟಿ ತಂತಿ ಸುತ್ತಿ, ಮೇಲೆ ಸೋಲ್ಡರ್ ಕರಗಿಸಿ ಕೂಡಿಸಿದರು. ಹೊಗೆ ಹಕ್ಕಿಗೆ ಆಗದೆಂದು ನಾನು ಸ್ವಾಮಿಯನ್ನು ಮಾಳಿಗೆಗೆ ಒಯ್ದು, ವಾಸನೆ ಹೋಗುವ ತನಕ ಕೆಳಗೆ ತರಲಿಲ್ಲ. ಗಂಟೆಯ ಒಳಗೆ ಹುಣಿಸೆ ಬೀಜದಷ್ಟು ದೊಡ್ಡದಾದ, ಹೊಳೆಯುವ ಗುಂಡು ಕೂತಿತ್ತು.

"ಬೆಳ್ಳಿ ಕಂಡಂಗ ಕಾಣ್ತದ ನೋಡ," ಅಂದರು ಅತ್ತೆ.

ಸ್ವಾಮಿಗೆ ಗಂಟೆಯ ಹುಚ್ಚೇ ಹಿಡಿಯಿತು. ಕಡ್ಡಿಯ ಮೇಲೆ ನಿಂತು ತಲೆಯಿಂದ ದೂಡುವುದು, ಅದು ಠಣ್ ಅಂದರೆ ಜುಟ್ಟು ನಿಮಿರಿಸಿ ಕೇಳುವುದು, ಆಮೇಲೆ ತಲೆಯನ್ನೇ ಗಂಟೆಯೊಳಗೆ ತೂರಿಸಿ ಎಷ್ಟೋ ಹೊತ್ತು ಕೂಡುವುದು. ಅತ್ತೆ ಅಡುಗೆಮನೆಯಲ್ಲಿದ್ದರೂ ಆ ಸದ್ದಿಗೆ ತಲೆಯೆತ್ತುವರು. ಅವರ ಮುಖದಲ್ಲಿ ಸಂತೋಷವಿತ್ತು, ಜೊತೆಗೆ ಇನ್ನೇನೋ ಇತ್ತು. ಹಳ್ಳಿಯ ಅಂಗಳಕ್ಕೆ ಎತ್ತು ಬಂದು ನಿಂತಿದೆಯೇನೋ ಎಂಬಂತೆ ಒಮ್ಮೆ ಬಾಗಿಲ ಕಡೆ ನೋಡಿಬಿಡುತ್ತಿದ್ದರು.

ನವರಾತ್ರಿಯ ಘಟ ಕೂಡಿಸುವ ಸುಮಾರಿಗೆ ಒಂದು ದಿನ ಬೇಳೆ ಹದವಾಗಿ ಬೆಂದಿತ್ತು. ಮರುದಿನವೂ ಬೆಂದಿತ್ತು. ಮನೆಯವರು ಉಣ್ಣುತ್ತ, "ಇವತ್ತ ಬ್ಯಾಳಿ ಛಲೋ ಆಗ್ಯಾದ," ಅಂದರು. ಆಗ ನನ್ನ ಕೈ ತುತ್ತಿನ ಮೇಲೆ ನಿಂತಿತು. ಸ್ವಾಮಿ ಸೀಟಿ ಹಾಕುವುದನ್ನು ಬಿಟ್ಟಿತ್ತು.

ಎದ್ದು ಹೋಗಿ ಪಂಜರ ನೋಡಿದೆ. ಕೆಳಗೆ ಹಾಸಿದ ಕಾಗದದ ಮೇಲೆ ಹಿಕ್ಕೆ ಸುಣ್ಣ ಕಲಸಿದ ಹಸಿರು ಬಣ್ಣದಂತೆ, ನೀರು ನೀರಾಗಿ ಬಿದ್ದಿತ್ತು. ನೀರಿನ ಬಟ್ಟಲು ಬರಿದಾಗಿತ್ತು. ಜೋಳದ ಬೆಂಡು ಕಟ್ಟಿದ್ದು ಕಟ್ಟಿದಂತೆಯೇ ಇತ್ತು. ಸ್ವಾಮಿ ಗರಿ ಉಬ್ಬಿಸಿಕೊಂಡು, ಕಣ್ಣು ಅರೆ ಮುಚ್ಚಿ, ಗಂಟೆಯ ಪಕ್ಕದಲ್ಲಿ ಕೂತಿತ್ತು.

ಮನೆಯವರ ಸಂಶಯವೆಲ್ಲ ಬೆಳಕಿನ ಮೇಲೆ ಹೋಯಿತು. ಟ್ಯೂಬಿನಲ್ಲಿ ಏನೋ ದೋಷವಿದೆ, ಅದರ ಕಿರಣ ಬಡಿದಿದೆ ಅಂದುಕೊಂಡು ಇಳಿಸಿ ಬೇರೆ ಹಚ್ಚಿದರು. ಅದನ್ನೂ ಇಳಿಸಿದರು. ಸ್ಟೂಲು ಹತ್ತಿ ಪೈಪು ಬಿಚ್ಚಿ ವೈರನ್ನು ಮೊಳ ಮೊಳ ಬೆರಳಾಡಿಸಿ ನೋಡಿದರು. ಎಲ್ಲಿಯೂ ಕಚ್ಚಿದ ಗುರುತಿಲ್ಲ. ಕಡೆಗೆ ಟ್ಯೂಬು ತೆಗೆದೇಬಿಟ್ಟು ಸಣ್ಣ ಹಳದಿ ದೀಪವೊಂದನ್ನೇ ಉಳಿಸಿದರು. ಊರೆಲ್ಲ ನವರಾತ್ರಿಯ ದೀಪಗಳಲ್ಲಿ ಬೆಳಗುತ್ತಿದ್ದಾಗ ನಮ್ಮ ಪಡಸಾಲೆ ಹಗಲಲ್ಲೂ ಮಬ್ಬಾಗಿ, ಸೂತಕದ ಮನೆಯಂತೆ ಕಾಣುತ್ತಿತ್ತು. ಆ ಮಬ್ಬಿನಲ್ಲಿ ಆಗಾಗ ಗಂಟೆ ಒಮ್ಮೆ ಸಣ್ಣಗೆ ಸದ್ದು ಮಾಡುತ್ತಿತ್ತು. ನಾನು ಮಾಡಿಕೊಟ್ಟ ಯಾವ ಆಟಿಕೆಯನ್ನೂ ಮುಟ್ಟದ ಸ್ವಾಮಿ, ಇದ್ದಷ್ಟು ತ್ರಾಣದಲ್ಲಿ ತಲೆಯನ್ನು ಗಂಟೆಯೊಳಗೆ ಇಟ್ಟು ಏನೋ ನೆಕ್ಕುತ್ತಿತ್ತು.

ಹೋಳಿಗೆಯ ಹೆಂಗಸು ಇನ್ನೊಮ್ಮೆ ಬಂದಳು. ಈ ಸಲ ಏನೂ ಅನ್ನಲಿಲ್ಲ. ಹಕ್ಕಿಯನ್ನು ನೋಡಿದಳು, ಗಂಟೆಯನ್ನು ನೋಡಿದಳು, ಕುಂಕುಮ ತೆಗೆದುಕೊಂಡು ಹೋದಳು. ಆಕೆ ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

"ಗಂಟಿ ಬಿಚ್ಚಲೇನಪಾ?" ಎಂದು ಅತ್ತೆ ಮಗನನ್ನು ಕೇಳಿದರು. ದನಿ ಬಹಳ ಸಣ್ಣದಾಗಿತ್ತು.

"ಬ್ಯಾಡವ್ವಾ. ಅದಕ ಈಗ ಅದ ಒಂದೇ ಖುಷಿ ಅದ. ಅದನ್ನೂ ಯಾಕ ಕಸಗೋತಿ?" ಅಂದರು ಅವರು.

ಮರುದಿನ ನಾನು ಬಟ್ಟೆ ಒಣಹಾಕಿ ಮಾಳಿಗೆಯಿಂದ ಇಳಿಯುವಾಗ ಖಾರದ ಘಾಟು ಮೂಗಿಗೆ ಬಡಿಯಿತು. ಅತ್ತೆ ಪಂಜರದ ಮುಂದೆ ಕೆಂಡ ಇಟ್ಟುಕೊಂಡು, ಉಪ್ಪು, ಒಣಮೆಣಸಿನಕಾಯಿ ಇಳಿತೆಗೆದು ಕೆಂಡಕ್ಕೆ ಹಾಕುತ್ತಿದ್ದರು. ಸ್ವಾಮಿ ಬಾಯಿ ತೆರೆದು ಉಸಿರಿಗೆ ಒದ್ದಾಡುತ್ತಿತ್ತು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಪಂಜರ ಕಿತ್ತುಕೊಂಡು ಅಂಗಳಕ್ಕೆ ಓಡಿದೆ.

"ಇರೂ ಉಸರೂ ತಗೀತೀರೇನ್ರಿ ಅತ್ತಿ? ದೃಷ್ಟಿ ಅಲ್ಲ, ಏನಲ್ಲ. ನಿಮ್ಮ ಕೈಲಿಂದನೇ ಹೋಗ್ತದ ಅದು," ಅಂದೆ.

ಅತ್ತೆ ತಮ್ಮ ಕೈಗಳನ್ನು ನೋಡಿಕೊಂಡರು. ಕೆಂಡಕ್ಕೆ ನೀರು ಹಾಕಿ ಒಳಗೆ ಹೋದರು. ಸೊಸೆ ಸಿಟ್ಟಿನಲ್ಲಿ ಆಡುವ ಮಾತಿಗೆ ಅತ್ತೆಯಂದಿರು ತಿರುಗಿ ಬೈಯುವುದು ನಮ್ಮ ಮನೆಯ ರೂಢಿ. ಬೈಯದೆ ಹೋದದ್ದು ನನಗೆ ಸರಿ ಕಾಣಲಿಲ್ಲ. ಯಾಕೆಂದು ಆಗ ತಿಳಿಯಲಿಲ್ಲ.

ಅಂಗಳದ ಬಿಸಿಲಿನಲ್ಲೇ ಸ್ವಾಮಿ ಕಡ್ಡಿಯಿಂದ ಜಾರಿ ಬಿತ್ತು. ಏಳಲು ಹೋದರೆ ಒಂದು ಕಾಲು ಮಡಚಿಕೊಂಡೇ ಉಳಿಯಿತು. ರೆಕ್ಕೆ ನಡುಗಿ, ಕುತ್ತಿಗೆ ಹಿಂದಕ್ಕೆ ತಿರುಚಿ, ಮತ್ತೆ ಸಡಿಲಾಯಿತು. ಅಂಗಡಿಗೆ ಫೋನು ಮಾಡಿದೆ. ಮನೆಯವರು ಆಟೋ ತಂದರು. ಅತ್ತೆ ಹೊಸ್ತಿಲ ಮೇಲೆ ನಿಂತಿದ್ದರು. ಹಿಂದಿನ ದಿನದಿಂದ ಸ್ವಾಮಿ ಕಾಳು ಮುಟ್ಟಿರಲಿಲ್ಲ, ಅವರೂ ಉಂಡಿರಲಿಲ್ಲ. ಆಟೋ ತಿರುಗುವಾಗ, ಅವರು ಖಾಲಿ ಪಂಜರದಿಂದ ಗಂಟೆ ಬಿಚ್ಚಿಕೊಂಡು ಕೈಯಲ್ಲಿ ಹಿಡಿದು ನಿಂತದ್ದು ಕಂಡಿತು. ನಾವು ಹಕ್ಕಿಯನ್ನು ರಟ್ಟಿನ ಡಬ್ಬಿಯಲ್ಲಿ ಒಯ್ಯುತ್ತಿದ್ದೆವು.

ದನಗಳ ದವಾಖಾನೆಯಲ್ಲಿ ಎಮ್ಮೆ, ಆಡುಗಳ ನಡುವೆ ನಮ್ಮ ಡಬ್ಬಿ ಮಡಿಲಲ್ಲಿಟ್ಟುಕೊಂಡು ಕೂತೆ. ಒಳಗಿನಿಂದ ಉಗುರಿನಿಂದ ಕೆರೆಯುವ ಸದ್ದು ಕೇಳಿಸುವ ತನಕ ಜೀವ ಇದೆ ಎಂದು ಧೈರ್ಯ ತಂದುಕೊಳ್ಳುತ್ತಿದ್ದೆ. ವೈದ್ಯೆ ಸಣ್ಣ ವಯಸ್ಸಿನವಳು. ಹಕ್ಕಿಯ ಹೊಟ್ಟೆ ಮುಟ್ಟಿ ನೋಡಿ, ಎಕ್ಸ್‌ರೇ ತೆಗೆಸಿದಳು. ಕಪ್ಪು ಹಾಳೆಯ ಮೇಲೆ ಹಕ್ಕಿಯ ಸಣ್ಣ ಎಲುಬುಗಳ ಗೂಡು, ಅದರ ನಡುವೆ ಗಸಗಸೆಯಂಥ ಬಿಳಿ ಚುಕ್ಕೆಗಳು. ಬೇರೆಲ್ಲಕ್ಕಿಂತ ಅವೇ ಹೆಚ್ಚು ಬೆಳ್ಳಗೆ ಹೊಳೆಯುತ್ತಿದ್ದವು.

"ಘರಾತ ಕಾಯ ಚಾವತೋ ಹಾ?" ಎಂದು ಮರಾಠಿಯಲ್ಲಿ ಕೇಳಿದಳು. ಮನೆಯಲ್ಲಿ ಇದು ಏನನ್ನು ಕಡಿಯುತ್ತದೆ? ಈ ಬಿಳಿ ಚುಕ್ಕೆ ಸೀಸ, ದಿನಾ ಸ್ವಲ್ಪ ಸ್ವಲ್ಪ ಹೊಟ್ಟೆಗೆ ಹೋಗಿ ರಕ್ತಕ್ಕೆ ಸೇರಿದೆ ಅಂದಳು.

"ವೈರೆಲ್ಲಾ ಪೈಪಿನ್ಯಾಗ ಅವ್ರಿ ಮ್ಯಾಡಮ್. ಬಣ್ಣ ಹಚ್ಚಿದ್ದು ಒಂದೂ ಇಲ್ಲ," ಮನೆಯವರು ಮರಾಠಿ ಮರೆತು ಕನ್ನಡದಲ್ಲೇ ಶುರು ಮಾಡಿದರು. ಅವರ ದನಿಯಲ್ಲಿ ಇನ್ನೂ ಹೆಮ್ಮೆಯಿತ್ತು.

"ಗಂಟಿ," ಅಂದೆ ನಾನು.

"ಗಂಟಿ ಕಂಚಿಂ..." ಎಂದು ಹೇಳಹೋದವರು ಅಲ್ಲಿಗೇ ನಿಂತರು. ತಮ್ಮ ಹೆಬ್ಬೆರಳನ್ನೂ ತೋರುಬೆರಳನ್ನೂ ಉಜ್ಜಿ ನೋಡಿಕೊಂಡರು. ದಿನವೂ ಸೋಲ್ಡರ್ ತಂತಿ ಹಿಡಿದು ಹಿಡಿದು ಆ ಬೆರಳುಗಳು ಬೂದು ಬಣ್ಣಕ್ಕೆ ತಿರುಗಿವೆ. ಆ ತಂತಿಯಲ್ಲಿ ಸೀಸವಿರುತ್ತದೆ ಎಂದು ಅವರಿಗೆ ಗೊತ್ತಿಲ್ಲದ್ದೇನಲ್ಲ. ಅದು ಮೆತ್ತಗೆ, ಉಗುರಿಗೂ ಬಗ್ಗುತ್ತದೆ. ನಾಲಿಗೆಗೆ ಸಿಹಿಯೂ ಇರುತ್ತದಂತೆ.

"ಸೋಲ್ಡರ್ ನಂದು," ಅಂದರು.

ಸೀಸವನ್ನು ಮೈಯಿಂದ ಹೊರಗೆ ಎಳೆಯುವ ಇಂಜೆಕ್ಷನ್ ಇದೆ, ಲಾತೂರಿನಿಂದ ತರಿಸಬೇಕು, ದಿನಾ ಬರಬೇಕು, ಉಳಿಯುತ್ತದೆಂದು ಮಾತು ಕೊಡಲಾರೆ ಅಂದಳು ವೈದ್ಯೆ. ದಾರಿಯುದ್ದಕ್ಕೂ ಮನೆಯವರು ಆ ಬೆರಳುಗಳನ್ನು ಉಜ್ಜಿಕೊಳ್ಳುತ್ತಲೇ ಇದ್ದರು. ಓಣಿಯ ತಿರುವಿನಲ್ಲಿ, "ಅವ್ವಗ ನಾನೇ ಹೇಳ್ತೀನಿ. ಆಕಿ ಗಂಟಿದು ತಪ್ಪು ಅಂದಕೋಬಾರದು," ಅಂದರು. ನನಗೆ ಅವರ ಮೇಲೆ ಅಂದು ಬಂದಷ್ಟು ಪ್ರೀತಿ ಎಂದೂ ಬಂದಿರಲಿಲ್ಲ.

ಅತ್ತೆ ಮಬ್ಬಿನಲ್ಲೇ ಕೂತಿದ್ದರು. ಗಂಟೆ ಮಡಿಲಲ್ಲಿತ್ತು. ಡಬ್ಬಿಯ ಕಡೆ ನೋಡಿದರು, ಮಗನ ಮುಖ ನೋಡಿದರು. "ಗಂಟೀದೇ ಅಲ್ಲಾ?" ಅಂದರು.

ಅವರು ಅವ್ವನ ಮುಂದೆ ನೆಲದ ಮೇಲೆ ಕೂತು ಎಲ್ಲ ಬಿಡಿಸಿ ಹೇಳಿದರು. ಕಂಚಿನದು ಏನೂ ತಪ್ಪಿಲ್ಲ, ಅದು ಎತ್ತಿನ ಕೊರಳಲ್ಲಿ ಎಷ್ಟು ವರ್ಷ ಇತ್ತು, ಯಾರಿಗೂ ಏನೂ ಆಗಲಿಲ್ಲ. ತಾನು ಹಚ್ಚಿದ ಸೋಲ್ಡರಿನಲ್ಲಿ ಸೀಸ ಇತ್ತು, ಸ್ವಾಮಿ ಅದನ್ನು ನೆಕ್ಕಿತು. "ಇದು ನನ್ನ ಕೈಲಿಂದ ಆದದ್ದವ್ವಾ. ನಿನಗ ಏನೂ ಸಂಬಂಧ ಇಲ್ಲ."

ಅತ್ತೆ ಪೂರ್ತಿ ಕೇಳಿದರು. ಆಮೇಲೆ ಮಗನ ತಲೆಯ ಮೇಲೆ ಕೈಯಿಟ್ಟರು.

"ಅವರೂ ಹಿಂಗೇ ಅಂದಿದ್ರು."

"ಯಾರವ್ವಾ?"

"ನಿಮ್ಮಪ್ಪ. ಎತ್ತಿಗಿ ಬಾಡಿದ ಜ್ವಾಳ ಕೊಯ್ದ ಹಾಕಿದಾಕಿ ನಾ. ಮೇವು ಇದ್ದಿದ್ದಿಲ್ಲ. ಎರಡು ದಿನದ್ದು ಹಸದು ನನ್ನ ಸೆರಗು ಜಗ್ಗತಿತ್ತು. ಒಂದು ಹಿಡಿಗಿ ಏನಾಗ್ತದ ಅಂತ ಹಾಕಿದೆ. ಮಂದಿ ಕೂಡೂದ್ರಾಗ ಅವರು ಬಂದು, ನಾ ಹಾಕೀನಿ ಅಂದ್ರು. ಸಾಯೂತನಕ ಹಂಗೇ ಅಂದ್ರು. ನಾ ಸುಮ್ಮ ಕುಂತೆ."

ಕಟ್ಟೆ ಬಿಟ್ಟು, ಅಂಗಳದ ಮೂಲೆಯಲ್ಲಿ ಒಬ್ಬರೇ ಕೂಡುತ್ತಿದ್ದ ಮಾವ ನನ್ನ ಕಣ್ಣಮುಂದೆ ಬಂದರು. ಮನೆಯವರು ಎದ್ದು, ಅವ್ವನ ಮಡಿಲಿನಿಂದ ಗಂಟೆ ಎತ್ತಿಕೊಂಡು ಬೆಳಕಿಗೆ ಹಿಡಿದರು. ಒಳಗಿನ ಗುಂಡು ಅರ್ಧ ಸವೆದಿತ್ತು, ಅದರ ಮೇಲೆ ಕೊಕ್ಕಿನ ಗೀರುಗಳು ಎದ್ದು ಕಾಣುತ್ತಿದ್ದವು. "ನೋಡವ್ವಾ, ಇಲ್ಲಿ ನೋಡು. ಖರೇನೇ ನಂದು. ನಿನ್ನ ಸಮಾಧಾನಕ್ಕ ಹೇಳ್ಲತ್ತಿಲ್ಲ," ಅಂದರು.

ಅತ್ತೆ ನೋಡಲಿಲ್ಲ. "ಅವರೂ ಸಾಕ್ಷಿಗಿ ಕೈಯಾಗ ಕುಡಗೋಲು ಹಿಡಕೊಂಡೇ ಬಂದಿದ್ರು," ಅಂದರು. "ನೀ ಅವರ ಮಗ ಇದ್ದಿ."

ಸ್ವಾಮಿ ಸಾಯಲಿಲ್ಲ. ದೀಪಾವಳಿಯ ಹೊತ್ತಿಗೆ ಕಡ್ಡಿಯ ಮೇಲೆ ನಿಲ್ಲತೊಡಗಿತು, ಒಂದು ಕಾಲು ಇಂದಿಗೂ ಬಿಗಿಯಾಗಿ ಹಿಡಿಯುವುದಿಲ್ಲ. ಟ್ಯೂಬು ಮತ್ತೆ ಮೇಲೇರಿತು. ಪಂಜರದಲ್ಲಿ ಈಗ ಜೋಳದ ಬೆಂಡು, ಬೇವಿನ ಕಡ್ಡಿ, ಚಿಪ್ಪು ಬಿಟ್ಟರೆ ಬೇರೇನೂ ಇಲ್ಲ. ಗಂಟೆಯ ಸೋಲ್ಡರ್ ತೆಗೆಸಿ, ನಾನೇ ಒಯ್ದು ಗುಡಿಗೆ ಕೊಟ್ಟು ಬಂದೆ. ಹೋಳಿಗೆಯ ಹೆಂಗಸು ದಾರಿಯಲ್ಲಿ ನೋಡಿ ತಲೆಯಾಡಿಸಿದಳು. ಆಕೆ ಹೇಳಿದ್ದೇ ನಡೆಯಿತೆಂದು ಆಕೆ ತಿಳಿದುಕೊಂಡಿರಬೇಕು. ಆಕೆಗೆ ಸೀಸದ ಪಾಠ ಹೇಳುವಷ್ಟು ತಾಳ್ಮೆ ನನಗಿರಲಿಲ್ಲ. ಮನೆಯಲ್ಲಿ ಹೇಳಿಯೂ ಏನಾಯಿತು?

ಅತ್ತೆ ಮತ್ತೆ ಸ್ವಾಮಿಗೆ ಕೈಯಾರೆ ಕಾಳು ಕೊಡಲಿಲ್ಲ. ನಾನು ತೆನೆ ಅವರ ಕೈಗೆ ಚಾಚಿದರೆ, "ನೀನೇ ಹಾಕವ್ವಾ," ಅನ್ನುತ್ತಾರೆ. ಅರ್ಧ ರೊಟ್ಟಿಗೆ ಕೈತೊಳೆಯುತ್ತಾರೆ. ನಿಮ್ಮ ಕೈಲಿಂದ ಎಂದು ಅಂದು ಅಂಗಳದಲ್ಲಿ ನಾನು ಆಡಿದ ಮಾತಿಗೇ ಹೀಗೆ ಮಾಡುತ್ತೀರಾ ಎಂದು ಕೇಳಿದೆ, ಅದು ಸಿಟ್ಟಿನಲ್ಲಿ ಬಂದದ್ದು ಎಂದೆ. "ನೀ ಅಂದಿದ್ದಕ್ಕಲ್ಲ," ಅಂದರು. ಮನೆಯವರು ಇನ್ನೊಮ್ಮೆ, ಮತ್ತೊಮ್ಮೆ ತಿಳಿಸಿ ಹೇಳಿದರು. ಹೇಳಿದಷ್ಟೂ ಅತ್ತೆ ಅವರನ್ನು ಇನ್ನಷ್ಟು ಅಕ್ಕರೆಯಿಂದ ನೋಡಿದರು, ಅಷ್ಟೇ. ಒಮ್ಮೊಮ್ಮೆ ನನಗೆ ಸತ್ತ ಮಾವನ ಮೇಲೆಯೇ ಸಿಟ್ಟು ಬರುತ್ತದೆ. ಅವರು ಅಂದು ಆ ಸುಳ್ಳು ಹೇಳದೆ ಇದ್ದಿದ್ದರೆ ಇಂದು ಮಗನ ಖರೇ ಮಾತಿಗೆ ಬೆಲೆ ಇರುತ್ತಿತ್ತು.

ಚಳಿ ಶುರುವಾದ ಮೇಲೆ ಒಂದು ಸಂಜೆ ಟ್ಯೂಬು ಮೆಲ್ಲಗೆ ಮಂದವಾಗುವ ಹೊತ್ತು. ನಾನು ಮಶೀನಿನ ಮುಂದೆ ಇದ್ದೆ. ಠಣ್ ಎಂದು ಗಂಟೆಯ ಸದ್ದು ಕೇಳಿತು. ಗಂಟೆ ನಾನೇ ಗುಡಿಗೆ ಕೊಟ್ಟು ಬಂದಿದ್ದೆ. ಅತ್ತೆ ಗೋಡೆ ಹಿಡಿದು ಎದ್ದು ನಿಂತಿದ್ದರು, ಅವರ ಮುಖ ಬಿಳಿಚಿತ್ತು, ಕಣ್ಣು ಬಾಗಿಲ ಕಡೆ ಇತ್ತು. ಮತ್ತೆ ಕೇಳಿತು, ಅದೇ ಕಂಚಿನ ದನಿ, ಕಡೆಯಲ್ಲಿ ಅದೇ ಸಣ್ಣ ಕಂಪನ. ಸ್ವಾಮಿ ಪಂಜರದ ಅಂಚಿಗೆ ಬಂದು, ಕತ್ತು ಉಬ್ಬಿಸಿ, ತನ್ನ ಗಂಟಲಿನಿಂದ ಆ ಸದ್ದು ತೆಗೆಯುತ್ತಿತ್ತು.

ಅದು ಕುಕ್ಕರಿನ ಸೀಟಿಯನ್ನು ಮರೆತುಬಿಟ್ಟಿದೆ. ನನ್ನ ಬೇಳೆ ದಿನವೂ ಹದವಾಗಿ ಬೇಯುತ್ತದೆ. ಈಗ ಅದಕ್ಕೆ ಬರುವುದು ಗಂಟೆಯೊಂದೇ, ಅದನ್ನು ಅದು ಅತ್ತೆಯ ಕಡೆ ತಿರುಗಿ ಮಾತ್ರ ಬಾರಿಸುತ್ತದೆ. ಅವರು ಎದ್ದು ಬರುವ ತನಕ ಬಿಡುವುದಿಲ್ಲ. ದಿನಾ ಸಂಜೆ ಅತ್ತೆ ಬಂದು ಪಂಜರದ ಮುಂದೆ ನಿಲ್ಲುತ್ತಾರೆ. ಸ್ವಾಮಿ ಕುಂಟುತ್ತ ಸರಿದು ಬಂದು ಕಂಬಿಯ ನಡುವೆ ಕೊಕ್ಕು ಚಾಚುತ್ತದೆ. ಅತ್ತೆ ಎರಡೂ ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡು ಅದನ್ನು ನೋಡುತ್ತ ನಿಂತಿರುತ್ತಾರೆ.